ಕ್ಲಬ್‌ನ ವಾರದ ಸಭೆಗೆ ಭಾಷಣಕಾರರು ಸಿಗುತ್ತಿಲ್ಲವೇ? ಸದಸ್ಯರನ್ನೇ ಕೇಳಿ, ಆದರೆ ಸರಿಯಾದ ಪ್ರಶ್ನೆ ಕೇಳಿ

ಪ್ರಶ್ನೆ: ನಮ್ಮದು ಸುಮಾರು ನಲವತ್ತು ಜನರ ಸೇವಾ ಕ್ಲಬ್. ವಾರಕ್ಕೊಮ್ಮೆ ಒಂದು ಗಂಟೆಯ ಸಭೆ. ಈ ವರ್ಷ ಕಾರ್ಯಕ್ರಮಗಳ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಪ್ರತಿ ವಾರ ಹೊರಗಿನ ಅತಿಥಿಗಳನ್ನು ಹುಡುಕುವುದು ಕಷ್ಟ ಅಂತ ನಮ್ಮ ಸದಸ್ಯರಿಂದಲೇ ಮಾತಾಡಿಸಲು ಹೊರಟೆ. ಮೊದಲು ಬಂದವರು ವಿಮಾ ಏಜೆಂಟ್. ನಲವತ್ತು ನಿಮಿಷ ತಾವು ಮಾರುವ ಪಾಲಿಸಿಗಳ ಬಗ್ಗೆಯೇ ಹೇಳಿದರು. ಇನ್ನೊಬ್ಬರು ಲಿಫ್ಟ್ ದುರಸ್ತಿ ಮಾಡುವವರು. 'ನನ್ನ ಕೆಲಸದ ಕಥೆ ಯಾರಿಗೆ ಬೇಕು' ಅಂತ ಒಪ್ಪುತ್ತಲೇ ಇಲ್ಲ. ಸಭೆಗೆ ಬರುವವರೂ ಕಡಿಮೆಯಾಗುತ್ತಿದ್ದಾರೆ. ಸದಸ್ಯರ ಭಾಷಣದ ಯೋಚನೆಯನ್ನೇ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಯೋಚನೆ ಸರಿಯಾಗಿಯೇ ಇದೆ. ನೀವು ಬಹುಶಃ ಇಬ್ಬರಿಗೂ ಒಂದೇ ಮಾತು ಹೇಳಿರುತ್ತೀರಿ: 'ನಿಮ್ಮ ವೃತ್ತಿಯ ಬಗ್ಗೆ ಮಾತಾಡಿ.' ಹಾಗೆ ಹೇಳಿದರೆ ಮಾರಿ ಅಭ್ಯಾಸ ಇರುವವರು ಮಾರುತ್ತಾರೆ, ಅಭ್ಯಾಸ ಇಲ್ಲದವರು ಹಿಂಜರಿಯುತ್ತಾರೆ. ಕೇಳಬೇಕಾದದ್ದು ಬೇರೆ. ನಿಮ್ಮ ಕೆಲಸದಲ್ಲಿ ನಿಮಗೆ ದಿನಾ ಕಾಣುವ, ನಮಗೆ ಯಾವತ್ತೂ ಕಾಣದ ಸಂಗತಿ ಯಾವುದು? ಈ ಪ್ರಶ್ನೆಗೆ ಉತ್ತರ ಇಲ್ಲದ ಕಸುಬನ್ನು ನಾನು ಇನ್ನೂ ನೋಡಿಲ್ಲ. ಕ್ಲಬ್‌ಗಳ ಕಾರ್ಯಕ್ರಮ ನೋಡಿಕೊಂಡು, ಹೊಸ ಪದಾಧಿಕಾರಿಗಳಿಗೆ ತರಬೇತಿ ಕೊಟ್ಟುಕೊಂಡು ಬಂದವನಾಗಿ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಸದಸ್ಯರ ಭಾಷಣ ಅನ್ನುವುದು ಅತಿಥಿ ಸಿಗದಿದ್ದಾಗ ಜಾಗ ತುಂಬಿಸಲು ಹುಟ್ಟಿದ್ದಲ್ಲ. 1905ರ ಫೆಬ್ರವರಿ 23ರ ಸಂಜೆ ಶಿಕಾಗೋದ ಯೂನಿಟಿ ಬಿಲ್ಡಿಂಗ್‌ನ 711ನೇ ಕೋಣೆಯಲ್ಲಿ ನಾಲ್ವರು ಸೇರಿದರು. ವಕೀಲ ಪಾಲ್ ಹ್ಯಾರಿಸ್, ಗಣಿ ಎಂಜಿನಿಯರ್ ಗಸ್ಟಾವಸ್ ಲೋರ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ದರ್ಜಿ ವ್ಯಾಪಾರದ ಹೈರಮ್ ಶೋರೆ. ರೋಟರಿ ಶುರುವಾಗಿದ್ದು ಅಲ್ಲಿ. ಒಂದು ಕಸುಬಿಗೆ ಒಬ್ಬರು ಅನ್ನುವುದು ಆ ಕ್ಲಬ್‌ನ ಮೊದಲ ದಿನಗಳ ನಿಯಮ. ಸಭೆಗಳೂ ಸರದಿಯಂತೆ ಒಬ್ಬೊಬ್ಬರ ಕೆಲಸದ ಜಾಗದಲ್ಲೇ ನಡೆಯುತ್ತಿದ್ದವು. ಅಂದರೆ ಬೇರೆಯವರ ಕಸುಬನ್ನು ಒಳಗಿನಿಂದ ನೋಡುವುದೇ ಅಲ್ಲಿನ ಆಕರ್ಷಣೆಯಾಗಿತ್ತು. ರೋಟರಿಯಲ್ಲಿ ಹೊಸ ಸದಸ್ಯರು ತಮ್ಮ ಕಸುಬಿನ ಬಗ್ಗೆ ಕೊಡುವ 'ಕ್ಲಾಸಿಫಿಕೇಶನ್ ಟಾಕ್'ನ ಬೇರು ಇದೇ.

ನಿಮ್ಮ ವಿಮಾ ಏಜೆಂಟರ ಸಮಸ್ಯೆ ಕೂಡ ಅಷ್ಟೇ ಹಳೆಯದು. ಶಿಕಾಗೋ ಕ್ಲಬ್‌ನಲ್ಲಿ ಮೊದಮೊದಲು ಸದಸ್ಯರು ಒಬ್ಬರಿಗೊಬ್ಬರು ವ್ಯಾಪಾರ ಕೊಡುವುದೇ ದೊಡ್ಡ ವಿಷಯ. ಯಾರಿಂದ ಯಾರಿಗೆ ಎಷ್ಟು ವ್ಯಾಪಾರ ಆಯಿತು ಅಂತ ಲೆಕ್ಕ ಬರೆಯಲು ಒಬ್ಬರನ್ನು ನೇಮಿಸಿದ್ದರು! 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸೇರಲು ಕರೆದಾಗ ಅವರು ಒಪ್ಪಲಿಲ್ಲ. ಸದಸ್ಯರಿಗೆ ಮಾತ್ರ ಲಾಭ ಮಾಡಿಕೊಡುವ ಕ್ಲಬ್ ಜಾಸ್ತಿ ದಿನ ಬಾಳುವುದಿಲ್ಲ, ನಗರಕ್ಕೂ ಏನಾದರೂ ಮಾಡಬೇಕು ಅನ್ನುವುದು ಅವರ ವಾದ. ಆ ವಾದವನ್ನು ಕ್ಲಬ್ ಒಪ್ಪಿಕೊಂಡ ಮೇಲೆ ಸೇರಿದರು. 1907ರಲ್ಲಿ ಕ್ಲಬ್ ನಗರದಲ್ಲಿ ಸಾರ್ವಜನಿಕ ಶೌಚಾಲಯ ಬೇಕೆಂದು ಓಡಾಟ ಶುರುಮಾಡಿತು. ಅದೇ ಅವರ ಮೊದಲ ಸೇವಾ ಕೆಲಸ. ಹತ್ತು ವರ್ಷದ ನಂತರ, 1917ರಲ್ಲಿ ಹುಟ್ಟಿದ ಲಯನ್ಸ್ ಸಂಸ್ಥೆಯಂತೂ ಸದಸ್ಯರ ಹಣಕಾಸಿನ ಲಾಭ ಕ್ಲಬ್‌ನ ಗುರಿಯಾಗಬಾರದು ಅಂತ ಶುರುವಿನಲ್ಲೇ ಬರೆದಿಟ್ಟುಕೊಂಡಿತು. ಅದನ್ನು ಕಟ್ಟಿದ ಮೆಲ್ವಿನ್ ಜೋನ್ಸ್ ಸ್ವತಃ ವಿಮಾ ವ್ಯವಹಾರದವರು. ಈ ಮಾತನ್ನು ನಿಮ್ಮ ಏಜೆಂಟರ ಕಿವಿಗೆ ಮೆಲ್ಲಗೆ ಹಾಕಿ, ನಗುತ್ತಾರೆ.

ಈಗ ಲಿಫ್ಟ್ ಕೆಲಸದವರ ವಿಷಯಕ್ಕೆ ಬರೋಣ. ನನಗೆ ಕೇಳಿದರೆ ನಿಮ್ಮ ಕೈಯಲ್ಲಿರುವ ಅತ್ಯುತ್ತಮ ಭಾಷಣ ಇದೇ. ಅವರಿಗೆ ಫೋನ್ ಮಾಡಿ 'ಭಾಷಣ' ಅನ್ನುವ ಪದವನ್ನೇ ಎತ್ತಬೇಡಿ. ಸುಮ್ನೆ ಒಂದು ಪ್ರಶ್ನೆ ಕೇಳಿ: ಲಿಫ್ಟ್‌ನ ಹಗ್ಗ ತುಂಡಾದರೆ ಏನಾಗುತ್ತೆ?

ಅವರು ಏನು ಹೇಳಬಹುದು ನೋಡಿ. ಹಗ್ಗದ ಲಿಫ್ಟ್‌ಗಳಲ್ಲಿ ಇರುವುದು ಒಂದೇ ಹಗ್ಗವಲ್ಲ, ಹಲವು ಉಕ್ಕಿನ ಹಗ್ಗಗಳು. ಕ್ಯಾಬಿನ್ ಮಿತಿ ಮೀರಿ ವೇಗವಾಗಿ ಇಳಿಯತೊಡಗಿದರೆ ಗವರ್ನರ್ ಎಂಬ ಸಾಧನ ಅದನ್ನು ಗುರುತಿಸುತ್ತದೆ. ಆಗ ಕ್ಯಾಬಿನ್‌ಗೆ ಜೋಡಿಸಿದ ಹಿಡಿಕೆಗಳು ಎರಡೂ ಬದಿಯ ಹಳಿಗಳನ್ನು ಕಚ್ಚಿ ನಿಲ್ಲಿಸುತ್ತವೆ. ಹಗ್ಗ ತುಂಡಾದರೂ ಕ್ಯಾಬಿನ್ ಬೀಳದಂತೆ ತಡೆಯುವ ಇಂಥ ಏರ್ಪಾಟನ್ನು ಎಲಿಶಾ ಓಟಿಸ್ 1854ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟಲ್ ಪ್ಯಾಲೆಸ್ ಪ್ರದರ್ಶನದಲ್ಲಿ ತೋರಿಸಿದ್ದರು. ಎತ್ತರದ ಅಟ್ಟಣಿಗೆಯ ಮೇಲೆ ತಾವೇ ನಿಂತು, ಜನರ ಕಣ್ಣೆದುರೇ ಹಗ್ಗ ಕತ್ತರಿಸಲು ಹೇಳಿದರು.

ಇನ್ನೂ ಸ್ವಾರಸ್ಯದ್ದು ಬೇಕೇ? ಹಗ್ಗಗಳ ಇನ್ನೊಂದು ತುದಿಗೆ ಪ್ರತಿಭಾರ, ಅಂದರೆ ಕ್ಯಾಬಿನ್ ತೂಕವನ್ನು ಸರಿದೂಗಿಸುವ ಭಾರ ಇರುತ್ತದೆ. ಅದರ ತೂಕ ಖಾಲಿ ಕ್ಯಾಬಿನ್‌ನ ತೂಕಕ್ಕಿಂತ ಹೆಚ್ಚು. ಸಾಮಾನ್ಯವಾಗಿ ಲಿಫ್ಟ್ ಹೊರಬಹುದಾದ ಭಾರದ ಶೇ. 40ರಿಂದ 50ರಷ್ಟು ಹೆಚ್ಚು. ಹಾಗಾಗಿ ಒಬ್ಬರೇ ಒಳಗಿದ್ದಾಗ ಬ್ರೇಕ್ ಹಿಡಿತ ತಪ್ಪಿದರೆ ಕ್ಯಾಬಿನ್ ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಹೋಗುತ್ತದೆ! ಇದನ್ನು ಕೇಳಿದ ಸಭೆಯಲ್ಲಿ ಯಾರೂ ಮೊಬೈಲ್ ನೋಡುವುದಿಲ್ಲ. ಆಮೇಲೆ ಅವರು ನಿಜವಾದ ಅಪಾಯದ ವಿಷಯಕ್ಕೆ ಬರಬಹುದು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಾಗ ಒಳಗೇ ಇರುವುದು ಕ್ಷೇಮ. ಗಾಳಿಗೆ ತೊಂದರೆ ಇಲ್ಲ, ಕ್ಯಾಬಿನ್ ಗಾಳಿಯಾಡದ ಡಬ್ಬಿಯಲ್ಲ. ಬಾಗಿಲು ಎಳೆದು ತೆರೆದು, ಸಂದಿಯಿಂದ ಹಾರಿ ಹೊರಬರಲು ಹೋದವರೇ ಕಾಲು ಜಾರಿ ಗುಂಡಿಗೆ ಬೀಳುವುದು. ಅಲಾರಂ ಒತ್ತಿ ಕಾಯಬೇಕು, ಅಷ್ಟೇ.

ಇದನ್ನೆಲ್ಲ ಹೇಳಲು ಅವರಿಗೆ ಭಾಷಣ ಕಲೆ ಬೇಕಾಗಿಲ್ಲ. ಸವೆದು ತೆಗೆದುಹಾಕಿದ ಹಗ್ಗದ ಒಂದು ತುಂಡನ್ನು ತಂದು ಮೇಜಿನ ಮೇಲಿಟ್ಟರೆ ಸಾಕು. ಸ್ಲೈಡುಗಳಿಗಿಂತ ಕೈಯಿಂದ ಕೈಗೆ ದಾಟಿಸುವ ವಸ್ತುವೇ ಮೇಲು. ಸ್ಲೈಡ್ ಹಾಕಿದ ಕೂಡಲೇ ಹೊಸಬರು ಸಭೆಯ ಕಡೆ ಬೆನ್ನು ತಿರುಗಿಸಿ ಗೋಡೆ ಓದಲು ಶುರುಮಾಡುತ್ತಾರೆ. ಚಿತ್ರ ತೋರಿಸಲೇಬೇಕು ಅಂದರೆ ನಾಲ್ಕೈದು ಸಾಕು, ಅಕ್ಷರ ಇಲ್ಲದವು.

ನಿಂತು ಮಾತಾಡಲು ಅವರಿಗೆ ನಿಜವಾಗಿಯೂ ಭಯ ಇದ್ದರೆ ಸಂದರ್ಶನ ಮಾಡಿ. ಎರಡು ಕುರ್ಚಿ ಹಾಕಿ, ನೀವು ಕೇಳಿ, ಅವರು ಹೇಳಲಿ. ಪ್ರಶ್ನೆಗಳನ್ನು ಮುಂಚೆಯೇ ಕೊಡಿ. ನಾನು ಕೇಳುವ ಪ್ರಶ್ನೆಗಳು ಇಂಥವು: ನಿಮ್ಮ ಕೆಲಸದ ಬಗ್ಗೆ ಜನ ಜಾಸ್ತಿ ತಪ್ಪು ತಿಳಿದಿರುವುದು ಏನನ್ನು? ಒಂದು ಕಟ್ಟಡಕ್ಕೆ ಹೋದ ಕೂಡಲೇ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ನಿಮ್ಮ ಮನೆಯವರಿಗೆ ಕೊಡುವ, ಗ್ರಾಹಕರಿಗೆ ಹೇಳಲು ಹಿಂಜರಿಯುವ ಸಲಹೆ ಇದೆಯೇ? ಕೊನೆಯದಕ್ಕೆ ಬರುವ ಉತ್ತರವೇ ಎಷ್ಟೋ ಸಲ ಇಡೀ ಸಭೆಯ ಜೀವ.

ರೋಟರಿ ಕ್ಲಬ್‌ನವರಾದರೆ ಇನ್ನೊಂದು ದಾರಿಯಿದೆ. ಹರ್ಬರ್ಟ್ ಟೇಲರ್ 1932ರಲ್ಲಿ ಮುಳುಗುತ್ತಿದ್ದ ತಮ್ಮ ಅಲ್ಯೂಮಿನಿಯಂ ಪಾತ್ರೆಗಳ ಕಂಪನಿಗಾಗಿ ಬರೆದ ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ರೋಟರಿ 1943ರಲ್ಲಿ ತನ್ನದಾಗಿಸಿಕೊಂಡಿತು. ಇದು ಸತ್ಯವೇ, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ ಅಂತ ಶುರುವಾಗುತ್ತದೆ. ಎಷ್ಟೋ ಕ್ಲಬ್‌ಗಳಲ್ಲಿ ಅದನ್ನು ಎಲ್ಲರೂ ಎದ್ದು ನಿಂತು ಒಂದೇ ಉಸಿರಿಗೆ ಹೇಳಿ ಕೂರುತ್ತಾರೆ. ಅದರ ಬದಲು ಭಾಷಣಕಾರರಿಗೇ ಕೇಳಿ: ನಿಮ್ಮ ಕಸುಬಿನಲ್ಲಿ ನಿಜ ಹೇಳುವುದು ಕಷ್ಟವಾಗುವುದು ಯಾವಾಗ? ಕಟ್ಟಡ ಗುತ್ತಿಗೆದಾರರಿರಲಿ, ಲೆಕ್ಕ ಪರಿಶೋಧಕರಿರಲಿ, ಶಾಲಾ ಶಿಕ್ಷಕರಿರಲಿ, ಎಲ್ಲರಿಗೂ ಇದಕ್ಕೆ ಉತ್ತರ ಗೊತ್ತು. ಕೇಳುವವರು ಇಲ್ಲ, ಅಷ್ಟೇ.

ವಿಮಾ ಏಜೆಂಟರನ್ನು ಕೂಡ ಕೈಬಿಡಬೇಡಿ. ಅವರಿಗೆ ಇನ್ನೊಮ್ಮೆ ಅವಕಾಶ ಕೊಡಿ, ವಿಷಯ ನೀವೇ ಕೊಡಿ: 'ಕ್ಲೇಮ್ ಯಾಕೆ ತಿರಸ್ಕಾರವಾಗುತ್ತದೆ?' ಪಾಲಿಸಿ ಮಾಡಿಸುವಾಗ ಇದ್ದ ಕಾಯಿಲೆಯನ್ನು ಮುಚ್ಚಿಟ್ಟದ್ದು, ಅರ್ಜಿಯನ್ನು ಓದದೆ ಸಹಿ ಹಾಕಿದ್ದು, ಕಂತು ಕಟ್ಟುವುದು ತಪ್ಪಿ ಪಾಲಿಸಿ ನಿಂತುಹೋದದ್ದು. ನಾಮಿನಿಯ ಹೆಸರು ಹಳೆಯದಾಗಿಯೇ ಉಳಿದು ಕುಟುಂಬ ಒದ್ದಾಡಿದ್ದು ಇನ್ನೊಂದು. ಇದರಲ್ಲಿ ಮಾರುವಂಥದ್ದು ಏನೂ ಇಲ್ಲ. ಆದರೂ ಸಭೆ ಮುಗಿದ ಮೇಲೆ ನಾಲ್ಕು ಜನ ಅವರ ಸುತ್ತ ನಿಂತಿರುತ್ತಾರೆ. ಪಾಲಿಸಿ ಹೊಗಳಿದ್ದರೆ ನಿಲ್ಲುತ್ತಿದ್ದರೇ?

ನಿಯಮ ಮಾತ್ರ ಎಲ್ಲರಿಗೂ ಒಂದೇ ಇರಲಿ. ಭಾಷಣದಲ್ಲಿ ಬೆಲೆ ಹೇಳುವಂತಿಲ್ಲ, ವಿಸಿಟಿಂಗ್ ಕಾರ್ಡ್ ಹಂಚುವಂತಿಲ್ಲ, 'ಸಭೆಯಲ್ಲಿ ಇದ್ದವರಿಗೆ ಮಾತ್ರ ರಿಯಾಯಿತಿ' ಅನ್ನುವಂತಿಲ್ಲ. ಯಾರಿಗಾದರೂ ಬೇಕಿದ್ದರೆ ಆಮೇಲೆ ಅವರೇ ಕೇಳುತ್ತಾರೆ. ಇದನ್ನು ಆಮಂತ್ರಣದ ಜೊತೆಯಲ್ಲೇ ಬರೆದು ಕಳಿಸಿ. ಮುಂಚೆ ಹೇಳಿದರೆ ಅದು ನಿಯಮ, ನಡುವೆ ತಡೆದು ಹೇಳಿದರೆ ಅವಮಾನ.

ಡಾಕ್ಟರ್, ವಕೀಲರು, ಬ್ಯಾಂಕಿನವರು ಮಾತಾಡುವಾಗ ಇನ್ನೊಂದು ಎಚ್ಚರಿಕೆ ಬೇಕು. ರೋಗಿಯ, ಕಕ್ಷಿದಾರರ, ಗ್ರಾಹಕರ ಕಥೆ ಹೇಳುವ ಆಸೆ ಸಹಜ, ಅದೇ ಸ್ವಾರಸ್ಯ ಕೂಡ. ಹೆಸರು ಮುಚ್ಚಿದರೆ ಸಾಕು ಅಂದುಕೊಳ್ಳುತ್ತಾರೆ. ಸಾಲುವುದಿಲ್ಲ. ಒಂದೇ ಊರಲ್ಲಿ ಬದುಕುವ ನಲವತ್ತು ಜನ ಕೂತ ಕಡೆ ವಯಸ್ಸು, ಕೆಲಸ, ಬೀದಿ ಸೇರಿದರೆ ಹೆಸರು ತಾನಾಗಿಯೇ ಹೊರಬೀಳುತ್ತದೆ. ಹಲವರ ಅನುಭವ ಸೇರಿಸಿ ಸಾಮಾನ್ಯವಾಗಿ ಹೇಳಲು ಕೇಳಿಕೊಳ್ಳಿ.

ಇನ್ನು ಸಭೆಯ ಹೊತ್ತಿನ ಮಾತು. ಹಾಜರಾತಿ ಇಳಿಯಲು ಭಾಷಣವೇ ಕಾರಣ ಅಂತ ನನಗೆ ಅನಿಸುವುದಿಲ್ಲ. ನಿಮ್ಮ ಒಂದು ಗಂಟೆ ಹೇಗೆ ಖರ್ಚಾಗುತ್ತದೆ ಅಂತ ಒಂದು ವಾರ ಗಡಿಯಾರ ಹಿಡಿದು ಬರೆದುಕೊಳ್ಳಿ. ಹೆಚ್ಚಿನ ಕ್ಲಬ್‌ಗಳಲ್ಲಿ ನಡೆಯುವುದು ಹೀಗೆ: ಅಧ್ಯಕ್ಷರು ಗಂಟೆ ಬಾರಿಸುವುದೇ ಹತ್ತು ನಿಮಿಷ ತಡ. ಸ್ವಾಗತ, ಅತಿಥಿಗಳ ಪರಿಚಯ, ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವ. ಆಮೇಲೆ ಕಾರ್ಯದರ್ಶಿಗಳ ಪ್ರಕಟಣೆ. ಅದರ ನಡುವೆ ಯಾರೋ ಒಬ್ಬರು ಎದ್ದು ಹೋದ ತಿಂಗಳ ಶಿಬಿರದ ಖರ್ಚಿನ ಬಗ್ಗೆ ಒಂದು ಮಾತು ಎತ್ತುತ್ತಾರೆ. ಖಜಾಂಚಿ ಉತ್ತರ ಕೊಡುತ್ತಾರೆ. ಅದಕ್ಕೆ ಇನ್ನೊಬ್ಬರು. ಭಾಷಣಕಾರರ ಕೈಗೆ ಮೈಕ್ ಬರುವಾಗ ಹದಿನೈದು ನಿಮಿಷ ಉಳಿದಿರುತ್ತದೆ, ಅರ್ಧ ಜನ ಬಾಗಿಲ ಕಡೆ ನೋಡುತ್ತಿರುತ್ತಾರೆ.

ಇದನ್ನು ತಿರುಗಿಸಿ. ಸಭೆ ಶುರುವಾದ ಇಪ್ಪತ್ತನೇ ನಿಮಿಷಕ್ಕೆ ಭಾಷಣ ಶುರುವಾಗಲೇಬೇಕು ಅಂತ ಅಧ್ಯಕ್ಷರ ಜೊತೆ ಕೂತು ನಿರ್ಧಾರ ಮಾಡಿ. ಭಾಷಣಕ್ಕೆ ಇಪ್ಪತ್ತು ನಿಮಿಷ, ಪ್ರಶ್ನೆಗಳಿಗೆ ಹತ್ತು. ಉಳಿದ ಹತ್ತರಲ್ಲಿ ಮಿಕ್ಕ ಪ್ರಕಟಣೆ, ವಂದನಾರ್ಪಣೆ. ಹಣದ ಚರ್ಚೆ ಬೋರ್ಡ್ ಮೀಟಿಂಗ್‌ಗೆ ಸೇರಿದ್ದು. ವಾರದ ಸಭೆಗೆ ಅದನ್ನು ತರಬೇಡಿ. ಓದಿ ತಿಳಿಯಬಹುದಾದ ಪ್ರಕಟಣೆಯನ್ನು ಬುಲೆಟಿನ್‌ನಲ್ಲಿ ಹಾಕಿ, ಅಥವಾ ಗುಂಪಿಗೆ ಸಂದೇಶ ಕಳಿಸಿ. ಬಾಯಿಂದ ಹೇಳಬೇಕಾದದ್ದು ಇವತ್ತೇ ಕೈ ಎತ್ತಬೇಕಾದ ವಿಷಯ ಮಾತ್ರ: ಶನಿವಾರದ ಶಿಬಿರಕ್ಕೆ ಯಾರು ಬರುತ್ತೀರಿ, ಯಾರ ಗಾಡಿ ಇದೆ, ಇಂಥದ್ದು.

ಭಾಷಣಕಾರರಿಗೆ 'ಇಪ್ಪತ್ತು ನಿಮಿಷ' ಅನ್ನಬೇಡಿ, 'ಹದಿನೈದು' ಅನ್ನಿ. ಹದಿನೈದಕ್ಕೆ ತಯಾರಾದವರು ಇಪ್ಪತ್ತಕ್ಕೆ ಮುಗಿಸುತ್ತಾರೆ. ಇಪ್ಪತ್ತಕ್ಕೆ ತಯಾರಾದವರು ಮುಗಿಸುವುದೇ ಇಲ್ಲ. ಮಾತುಗಾರಿಕೆ ಕಲಿಸುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಲ್ಲಿ ಹಸಿರು, ಹಳದಿ, ಕೆಂಪು ದೀಪ ತೋರಿಸುವ ಪದ್ಧತಿ ಇದೆ. ಅದನ್ನು ನಾಚಿಕೆಯಿಲ್ಲದೆ ಕದಿಯಿರಿ, ದೀಪ ಬೇಡ, ಮೂರು ಬಣ್ಣದ ಕಾಗದ ಸಾಕು. ಹಿಡಿದು ತೋರಿಸುವ ಕೆಲಸ ಸಾರ್ಜೆಂಟ್ ಅಟ್ ಆರ್ಮ್ಸ್, ಅಂದರೆ ಸಭೆಯ ಶಿಸ್ತು ನೋಡಿಕೊಳ್ಳುವ ಪದಾಧಿಕಾರಿಯದು. ಹೇಗೂ ಆ ಹುದ್ದೆಯವರಿಗೆ ಎಷ್ಟೋ ಕ್ಲಬ್‌ಗಳಲ್ಲಿ ಬ್ಯಾಡ್ಜ್ ಕೊಡುವುದು ಬಿಟ್ಟರೆ ಬೇರೆ ಕೆಲಸ ಇರುವುದಿಲ್ಲ.

ಪರಿಚಯ ಭಾಷಣ ಒಂದು ನಿಮಿಷ. ನಮ್ಮದೇ ಸದಸ್ಯರಲ್ವಾ, ಹುಟ್ಟಿದ ವರ್ಷ, ಓದಿದ ಕಾಲೇಜು ಎಲ್ಲರಿಗೂ ಯಾಕೆ? ಈ ವಿಷಯ ಇವತ್ತು ಯಾಕೆ ಕೇಳಬೇಕು ಅನ್ನುವುದನ್ನು ಹೇಳಿ ಕೂತುಬಿಡಿ. ವಂದನಾರ್ಪಣೆಯಲ್ಲಿ ಭಾಷಣವನ್ನು ಮತ್ತೆ ಒಪ್ಪಿಸುವ ಚಾಳಿಯೂ ಬೇಡ. ಹೊಸದಾಗಿ ತಿಳಿದ ಒಂದು ಸಂಗತಿಯನ್ನು ನೆನೆದು ಧನ್ಯವಾದ ಹೇಳಿದರೆ ಭಾಷಣಕಾರರಿಗೆ ಅದೇ ದೊಡ್ಡ ಮರ್ಯಾದೆ. ಸ್ಮರಣಿಕೆ ಕೊಡುವುದು ಬಿಡುವುದು ನಿಮ್ಮಿಷ್ಟ. ಸದಸ್ಯರಿಗೆ ಬೇಡ ಅಂತ ನನ್ನ ಅಭಿಪ್ರಾಯ, ಆ ಹಣ ಪ್ರಾಜೆಕ್ಟ್‌ಗೆ ಹೋಗಲಿ.

ಪ್ರಶ್ನೆಗಳ ಹೊತ್ತು ತಾನಾಗಿಯೇ ನಡೆಯುತ್ತದೆ ಅಂತ ನಂಬಿ ಕೂರಬೇಡಿ. 'ಪ್ರಶ್ನೆ ಇದೆಯೇ' ಅಂದ ಕೂಡಲೇ ಎಲ್ಲರೂ ನೆಲ ನೋಡುತ್ತಾರೆ. ಇಬ್ಬರಿಗೆ ಮುಂಚೆಯೇ ಹೇಳಿಡಿ, ಮೊದಲ ಪ್ರಶ್ನೆ ನಿಮ್ಮದು ಅಂತ. ಅವರಲ್ಲಿ ಒಬ್ಬರು ಹೊಸ ಸದಸ್ಯರಾಗಿರಲಿ. ಹಿರಿಯರೇ ಮೊದಲು ಕೇಳಿದರೆ ಕಿರಿಯರು ಬಾಯಿ ಬಿಡುವುದಿಲ್ಲ. ಪ್ರಶ್ನೆ ಕೇಳಲು ಎದ್ದು ತಮ್ಮದೇ ಭಾಷಣ ಶುರುಮಾಡುವವರು ಪ್ರತಿ ಕ್ಲಬ್‌ನಲ್ಲೂ ಒಬ್ಬರಾದರೂ ಇದ್ದಾರೆ. ಅವರನ್ನು ಅಧ್ಯಕ್ಷರೇ ತಡೆಯಬೇಕು, ನೀವು ಕೈಹಾಕಬೇಡಿ.

ಪ್ರಚಾರದ ವಿಷಯದಲ್ಲಿ ಒಂದೇ ಮಾತು. 'ಈ ವಾರ ಸದಸ್ಯರ ಭಾಷಣ' ಅಂತ ಕಳಿಸಿದರೆ ಅದು ಬರದಿರಲು ಕೊಟ್ಟ ಅನುಮತಿ. 'ಲಿಫ್ಟ್‌ನ ಹಗ್ಗ ತುಂಡಾದರೆ ಏನಾಗುತ್ತೆ?' ಅಂತ ಕಳಿಸಿ, ಯಾರು ಮಾತಾಡುತ್ತಾರೆ ಅನ್ನುವುದು ಎರಡನೇ ಸಾಲಿನಲ್ಲಿರಲಿ.

ಹೊರಗಿನ ಅತಿಥಿಗಳನ್ನು ಪೂರ್ತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಒಂದು ಅತಿಥಿ ಭಾಷಣ ಇಡೀ ಸಂಸ್ಥೆಯ ದಾರಿಯನ್ನೇ ಬದಲಿಸಿದ್ದೂ ಇದೆ. 1925ರ ಜೂನ್ 30ರಂದು ಅಮೆರಿಕದ ಓಹಾಯೋ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ಲಯನ್ಸ್ ಅಂತಾರಾಷ್ಟ್ರೀಯ ಸಮಾವೇಶಕ್ಕೆ ಹೆಲೆನ್ ಕೆಲರ್ ಬಂದಿದ್ದರು. ಕಣ್ಣು ಕಾಣದ, ಕಿವಿ ಕೇಳದ ಅವರು ಮಾತಾಡಿದ್ದು ಸ್ವಲ್ಪವೇ ಹೊತ್ತು, ಕೇಳಿದ್ದು ಒಂದನ್ನೇ: ಕುರುಡುತನದ ವಿರುದ್ಧದ ಕೆಲಸವನ್ನು ನೀವು ಕೈಗೆತ್ತಿಕೊಳ್ಳಿ. ಕಣ್ಣಿನ ಕೆಲಸ ಅಂದರೆ ಲಯನ್ಸ್ ಅನ್ನುವ ಹೆಸರು ಬಂದಿದ್ದು ಅಲ್ಲಿಂದ. ಹೊರಗಿನವರನ್ನು ಕರೆಯುವಾಗ ಇದನ್ನು ನೆನಪಿಡಿ. ದೊಡ್ಡ ಹೆಸರು ಬೇಕಾಗಿಲ್ಲ. ಕ್ಲಬ್‌ನಿಂದ ಏನು ಆಗಬೇಕು ಅಂತ ಒಂದೇ ವಾಕ್ಯದಲ್ಲಿ ಕೇಳಬಲ್ಲವರು ಬೇಕು. ರಕ್ತನಿಧಿ ನಡೆಸುವವರು, ವಿಶೇಷ ಮಕ್ಕಳ ಶಾಲೆಯ ಶಿಕ್ಷಕರು, ಅಗ್ನಿಶಾಮಕ ಠಾಣೆಯವರು. ಚುನಾವಣೆ ಹತ್ತಿರ ಇರುವಾಗ ಅಭ್ಯರ್ಥಿಗಳನ್ನು ಮಾತ್ರ ಕರೆಯಬೇಡಿ. ಪಕ್ಷ ರಾಜಕೀಯ, ಧರ್ಮದ ವಾದ ಕ್ಲಬ್‌ನ ಚರ್ಚೆಗೆ ಬರಬಾರದು ಅಂತ ಲಯನ್ಸ್‌ನ ಉದ್ದೇಶಗಳಲ್ಲೇ ಇದೆ. ಬೇರೆ ಕ್ಲಬ್‌ಗಳಿಗೂ ಅದು ಒಳ್ಳೆಯ ಬುದ್ಧಿ.

ಹೀಗೆ ನೋಡಿದರೆ ತಿಂಗಳಿಗೆ ಒಂದು ಸದಸ್ಯರ ಭಾಷಣ, ಒಂದು ಹೊರಗಿನವರದು, ಒಂದು ವಾರ ಪ್ರಾಜೆಕ್ಟ್‌ಗಳ ಮಾತುಕತೆ. ನಾಲ್ಕನೇ ವಾರ ಸಾಧ್ಯವಾದಾಗ ಯಾರಾದರೂ ಸದಸ್ಯರ ಕೆಲಸದ ಜಾಗಕ್ಕೇ ಹೋಗಿ ಅಲ್ಲೇ ಸಭೆ ಮಾಡಿ. ಮುದ್ರಣಾಲಯ, ಪ್ರಯೋಗಾಲಯ, ಗ್ಯಾರೇಜ್, ಯಾವುದಾದರೂ ಸರಿ. ಮೂರು ತಿಂಗಳ ಪಟ್ಟಿ ಒಟ್ಟಿಗೆ ಮಾಡಿ. ಇಡೀ ವರ್ಷದ್ದು ಮಾಡಲು ಹೋದರೆ ಅರ್ಧ ಬದಲಾಗುತ್ತದೆ. ಹೊಸದಾಗಿ ಸೇರಿದವರನ್ನು ಎರಡು ತಿಂಗಳೊಳಗೆ ಮಾತಾಡಿಸಿ. ಆಮೇಲೆ ಅವರೂ ಹಿಂದಿನ ಸಾಲಿನವರಾಗುತ್ತಾರೆ. ನಿವೃತ್ತರನ್ನು ಮರೆಯಬೇಡಿ. ಕೆಲಸ ಬಿಟ್ಟವರು ಕೆಲಸದ ಬಗ್ಗೆ ಮುಲಾಜಿಲ್ಲದೆ ಮಾತಾಡುತ್ತಾರೆ.

ಇಷ್ಟೆಲ್ಲ ಮಾಡಿದರೂ ವಾರ ವಾರ ಆಗುತ್ತಿಲ್ಲ ಅಂದರೆ ಅಪರಾಧ ಪ್ರಜ್ಞೆ ಬೇಡ. ರೋಟರಿಯೇ 2016ರಲ್ಲಿ ನಿಯಮ ಸಡಿಲಿಸಿ, ತಿಂಗಳಿಗೆ ಕನಿಷ್ಠ ಎರಡು ಸಭೆ ಇದ್ದರೆ ಸಾಕು, ಉಳಿದದ್ದನ್ನು ಕ್ಲಬ್‌ಗಳೇ ತೀರ್ಮಾನಿಸಲಿ ಅಂದಿತು. ನಿಮ್ಮದು ಯಾವ ಸಂಸ್ಥೆಗೆ ಸೇರಿದೆಯೋ ಅದರ ನಿಯಮ ನೋಡಿಕೊಳ್ಳಿ. ಆದರೆ ಸಭೆ ಕಡಿಮೆ ಮಾಡುವ ಮುನ್ನ ಗಡಿಯಾರದ ಲೆಕ್ಕ ಸರಿಮಾಡಿ ನೋಡಿ. ಮಾಡಿದ ಮೇಲೂ ಜನ ಬರದಿದ್ದರೆ ಆಗ ಬೋರ್ಡ್ ಮುಂದೆ ವಿಷಯ ಇಡಬಹುದು.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ಭಾಷಣಕಾರರು ಕೊನೇ ಗಳಿಗೆಯಲ್ಲಿ ಕೈಕೊಡುವುದು ಖಂಡಿತ, ಇಂದಲ್ಲ ನಾಳೆ. ಅದಕ್ಕೆ ಒಬ್ಬ ಸದಸ್ಯರನ್ನು ಯಾವಾಗಲೂ ತಯಾರಾಗಿಟ್ಟಿರಿ, ಅರ್ಧ ದಿನ ಮುಂಚೆ ಹೇಳಿದರೂ ಬಂದು ಮಾತಾಡುವವರನ್ನು. ಅವರ ವಿಷಯ, ಅವರು ತರುವ ವಸ್ತು, ನೀವು ಕೇಳುವ ಐದು ಪ್ರಶ್ನೆ ಒಂದು ಹಾಳೆಯಲ್ಲಿ ಬರೆದು ನಿಮ್ಮ ಬಳಿ ಇರಲಿ. ಅವರನ್ನು ಬಳಸಿಕೊಂಡ ಮಾರನೇ ದಿನವೇ ಆ ಜಾಗಕ್ಕೆ ಇನ್ನೊಬ್ಬರನ್ನು ಒಪ್ಪಿಸಿ.